ಜಿಗಿಯಲಾರದ ಜೀವಿ

ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಬಾಲ್ಯದಲ್ಲಿ ಕಂಡ ಪ್ರಾಣಿಯೊಂದು ಈ ವಯಸ್ಸಿನಲ್ಲೂ ನನ್ನನ್ನು ಕಾಡುತ್ತದೆ. ಭವಿಷ್ಯ ಹೇಳುವವನೊಬ್ಬ ಜೋಳಿಗೆಯಿಂದ ಹೊರತೆಗೆದ ಆ ಪುಟ್ಟ ಜೀವಿ, ನಡುಹಗಲಿನ ಬಿಸಿಲಿಗೆ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಿತ್ತು. ಅದಕ್ಕೆ ನಾಚಿಕೆಯೆಂದು ನಾವು ಹುಡುಗರು ನಕ್ಕೆವು. ಅದು ಕಾಡುಪಾಪವೆಂದೂ, ಇರುಳಿಗಾಗಿಯೇ ರೂಪುಗೊಂಡ ಆ ಕಣ್ಣುಗಳಿಗೆ ಬಿಸಿಲೇ ಹಿಂಸೆಯೆಂದೂ ತಿಳಿದದ್ದು ಬಹುಕಾಲದ ನಂತರ.

ಕಾಡುಪಾಪ ಮಂಗಗಳ ದೂರದ ಬಂಧು. ಬಾಲವಿಲ್ಲ, ತೂಕ ಸುಮಾರು ಕಾಲು ಕಿಲೋ. ಕಡ್ಡಿಯಂಥ ಕೈಕಾಲುಗಳ ಈ ಕುಲ ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಲ್ಲದೆ ಬೇರೆಲ್ಲೂ ಇಲ್ಲ. ನಮ್ಮ ಬಯಲುಸೀಮೆಯ ಉಪಜಾತಿಗಂತೂ ಮೈಸೂರಿನ ಹೆಸರೇ ಇದೆ. ಹಗಲೆಲ್ಲ ಎಲೆ ದಟ್ಟವಾದ ಕೊಂಬೆಯಲ್ಲಿ ಚೆಂಡಿನಂತೆ ಮುದುಡಿ ಮಲಗಿ, ಕತ್ತಲಾದ ಮೇಲೆ ಇರುವೆ, ಗೆದ್ದಲು, ಜೀರುಂಡೆ, ಮರದ ಅಂಟುಗಳನ್ನು ಅರಸಿ ಹೊರಡುತ್ತದೆ. ತಾಯಿ ಐದೂವರೆ ತಿಂಗಳು ಹೊತ್ತು ಒಂದೋ ಎರಡೋ ಮರಿ ಹಾಕುತ್ತದೆ. ಕೆಲವು ವಾರಗಳಾದ ಬಳಿಕ ಮರಿಯನ್ನು ಕೊಂಬೆಯ ಮೇಲೆ ಬಿಟ್ಟು ಮೇವಿಗೆ ಹೋಗುತ್ತದೆ.

ಇಷ್ಟೆಲ್ಲ ಬಲ್ಲ ಪ್ರಾಣಿಗೆ ಜಿಗಿಯಲು ಬಾರದು. ಕೊಂಬೆಯಿಂದ ಕೊಂಬೆಗೆ ಕೈನೀಡಿ, ಹಿಡಿದು, ಸಾವಧಾನವಾಗಿ ದಾಟಬೇಕು. ಕೊಂಬೆಗಳ ನಡುವೆ ಅಂತರ ಬಿದ್ದರೆ ಅದು ನೆಲಕ್ಕಿಳಿಯುತ್ತದೆ, ಇಲ್ಲವೇ ವಿದ್ಯುತ್ ತಂತಿಯನ್ನು ಹಿಡಿಯುತ್ತದೆ. ನೆಲದಲ್ಲಿ ನಾಯಿ, ವಾಹನ, ತಂತಿಯಲ್ಲಿ ಸಾವು.

ಸೇವೆಯಲ್ಲಿದ್ದಾಗ ರಸ್ತೆ ಅಗಲೀಕರಣದ ಕಡತವೊಂದಕ್ಕೆ ನಾನೂ ಸಹಿ ಹಾಕಿದ್ದೇನೆ. ಕಡಿಯುವ ಮರಗಳೆಷ್ಟು, ಪ್ರತಿಯಾಗಿ ಬೇರೆಡೆ ನೆಡುವ ಸಸಿಗಳೆಷ್ಟು ಎಂಬ ಲೆಕ್ಕ ಅದರಲ್ಲಿ ಅಚ್ಚುಕಟ್ಟಾಗಿತ್ತು. ಅರ್ಥಶಾಸ್ತ್ರ ಓದಿದ ನನಗೆ ಆ ಕೂಡುವ ಕಳೆಯುವ ಲೆಕ್ಕ ಸಾಕೆನಿಸಿತು. ಆ ಸಾಲುಮರಗಳಲ್ಲಿ ಕಾಡುಪಾಪವಿದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕಾನೂನಿಗೇನೂ ಕೊರತೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಕಾಡುಪಾಪಕ್ಕೆ ಸ್ಥಾನವಿದೆ. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ 11,806 ಹೆಕ್ಟೇರ್ ಕಾಡನ್ನು ಇದಕ್ಕೆಂದೇ ಅಭಯಾರಣ್ಯವೆಂದು ಘೋಷಿಸಿತು. ಆದರೆ ನಮ್ಮ ಕಾಡುಪಾಪಗಳೆಲ್ಲ ಕಾಡಿನಲ್ಲೇ ಇಲ್ಲವಲ್ಲ! ತುಮಕೂರು ಜಿಲ್ಲೆಯ ನಾಗವಲ್ಲಿಯಲ್ಲಿ ಅವು ಊರಿನ ನೆರೆಯ ಮರಗಿಡಗಳಲ್ಲಿವೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕಂಡಿವೆ. ಅಂಥ ಕಡೆ ಅಭಯಾರಣ್ಯದ ಗಡಿಗಿಂತ ಬೇಲಿಸಾಲು ಮುಖ್ಯ.

ಮರ ಕಡಿಯುವ ಕಡತದಲ್ಲಿ ಇನ್ನೊಂದು ಕಲಮು ಸೇರಿಸುವುದು ಆಡಳಿತಕ್ಕೆ ಕಷ್ಟವೇನಲ್ಲ: ಈ ಮರದ ಕೊಂಬೆ ಪಕ್ಕದ ಮರವನ್ನು ಮುಟ್ಟುತ್ತಿದೆಯೇ? ಹೌದೆಂದಾದರೆ, ಸಹಿಗೆ ಮುನ್ನ ಅಧಿಕಾರಿ ಒಂದು ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಅಲ್ಲಿ ನಡೆದು ನೋಡಲಿ. ಕಾಡುಪಾಪವಿದ್ದರೆ ಅದರ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ.