ಅಡುಗೆ ಸೋಡಾ: ಚಿಟಿಕೆಯಲ್ಲಿರಲಿ ಜಾಣತನ

ಹಾವೇರಿಯ ಬಸ್‌ಸ್ಟ್ಯಾಂಡ್ ಇರಲಿ, ರಾಣೆಬೆನ್ನೂರಿನ ಸಂತೆ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಇರಲಿ, ಸಂಜೆಯಾಯಿತೆಂದರೆ ಮಿರ್ಚಿ ಬಜ್ಜಿಯ ವಾಸನೆ ಮೂಗಿಗೆ ಬಡಿಯದೆ ಇರುವುದಿಲ್ಲ. ಜೊತೆಗೊಂದಿಷ್ಟು ಗಿರ್ಮಿಟ್ಟು ಇದ್ದರಂತೂ ಕೇಳುವುದೇ ಬೇಡ. ಮನೆಯಲ್ಲಿ ಮಾಡಿದ ಬಜ್ಜಿ ಅಂಗಡಿಯದರಷ್ಟು ಉಬ್ಬದಿದ್ದರೆ ಪಕ್ಕದ ಮನೆಯ ಅಕ್ಕನ ಸಲಹೆ ತಯಾರಾಗಿಯೇ ಇರುತ್ತದೆ: “ಒಂಚೂರು ಸೋಡಾ ಹಾಕ್ರಿ, ಛಲೋ ಉಬ್ಬತಾವ!”

ಆ ‘ಒಂಚೂರು’ ಎಂದರೆ ಎಷ್ಟು ಅಂತ ನೀವು ಯಾವತ್ತಾದರೂ ಯೋಚಿಸಿದ್ದೀರಾ? ಬೇಳೆ ಬೇಯದಿದ್ದರೆ ಸೋಡಾ, ಹೊಟ್ಟೆ ಉಬ್ಬರಿಸಿದರೆ ಸೋಡಾ, ಸಿಂಕ್ ವಾಸನೆ ಬಂದರೆ ಸೋಡಾ. ಅಗ್ಗದ ಪುಡಿ, ನೂರೆಂಟು ಕೆಲಸ. ಆದರೆ ಇದರ ಗುಣ ತಿಳಿದು ಬಳಸಿದರೆ ಮಾತ್ರ ಇದು ನಮ್ಮ ಗೆಳತಿ.

ಹೆಸರು ಸೋಡಾ, ಗುಣ ಉಪ್ಪಿನದು

ಅಡುಗೆ ಸೋಡಾದ ರಾಸಾಯನಿಕ ಹೆಸರು ಸೋಡಿಯಂ ಬೈಕಾರ್ಬೋನೇಟ್. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡ್. ಎರಡೂ ಸೋಡಿಯಂ ಬಳಗದ ಲವಣಗಳೇ. ಒಂದು ನಾಲಿಗೆಗೆ ಉಪ್ಪುಪ್ಪು ಎನ್ನಿಸುತ್ತದೆ, ಇನ್ನೊಂದು ಅಷ್ಟಾಗಿ ಗೊತ್ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾಗಾಗಿಯೇ ಸೋಡಾ ನಮ್ಮ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬಟ್ಟೆ ಒಗೆಯಲು ಸವಳು ಮಣ್ಣು ಬಳಸುತ್ತಿದ್ದರು. ಆ ಮಣ್ಣಿನಲ್ಲಿರುವುದೂ ಇದೇ ಬಳಗದ ಕ್ಷಾರ. 1861ರಲ್ಲಿ ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೆ ಎಂಬಾತ ಉಪ್ಪು, ಸುಣ್ಣದ ಕಲ್ಲು, ಅಮೋನಿಯಾ ಬಳಸಿ ಸೋಡಾ ತಯಾರಿಸುವ ಸುಲಭದ ದಾರಿ ಕಂಡುಕೊಂಡ. ನಮ್ಮ ದೇಶದಲ್ಲಿ 1939ರಲ್ಲಿ ಶುರುವಾದ ಟಾಟಾ ಕೆಮಿಕಲ್ಸ್ ಕಂಪನಿ ಗುಜರಾತಿನ ಮೀಠಾಪುರದಲ್ಲಿ ಸೋಡಾ ತಯಾರಿಸುತ್ತದೆ.

ಈ ಪುಡಿಗೆ ಇರುವುದು ಎರಡೇ ಮುಖ್ಯ ಗುಣ. ಒಂದು, ಹುಳಿಯನ್ನು ಅಡಗಿಸುವುದು. ಎರಡು, ಹುಳಿ ಅಥವಾ ಶಾಖ ತಾಗಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುವುದು. ಇದರ ಹೆಚ್ಚಿನ ಉಪಯೋಗಗಳೆಲ್ಲ ಈ ಎರಡರಿಂದಲೇ ಬಂದವು.

ಸೋಡಾ ಸೋಡಾಕ್ಕೂ ಫರಕು ಇದೆ

ಕಿರಾಣಿ ಅಂಗಡಿಯಲ್ಲಿ ಬರೀ ‘ಸೋಡಾ ಕೊಡ್ರಿ’ ಅಂತ ಕೇಳಬೇಡಿ. ತಿನ್ನುವ ಸೋಡಾ ಬೇರೆ, ಬಟ್ಟೆ ಸೋಡಾ ಬೇರೆ. ಬಟ್ಟೆ ಸೋಡಾ ಅಂದರೆ ವಾಷಿಂಗ್ ಸೋಡಾ, ಸೋಡಿಯಂ ಕಾರ್ಬೋನೇಟ್. ಇದು ತಿನ್ನುವ ಸೋಡಾಕ್ಕಿಂತ ಬಹಳ ತೀಕ್ಷ್ಣವಾದ ಕ್ಷಾರ. ಬಾಯಿ, ಗಂಟಲು, ಕಣ್ಣಿಗೆ ತಾಗಿದರೆ ಹಾನಿ ಮಾಡುತ್ತದೆ. ಕಾಸ್ಟಿಕ್ ಸೋಡಾ ಅಂತೂ ಚರ್ಮವನ್ನೇ ಸುಟ್ಟುಬಿಡುತ್ತದೆ. ಮೂರೂ ಬೆಳ್ಳಗೇ ಇರುತ್ತವೆ. ಕಾಗದದ ಪೊಟ್ಟಣದಲ್ಲಿ ಬಿಡಿಯಾಗಿ ತರುವುದಕ್ಕಿಂತ ಹೆಸರು ಅಚ್ಚಾಗಿರುವ ಪ್ಯಾಕೆಟ್ ತರುವುದೇ ಲೇಸು.

ಬೇಕಿಂಗ್ ಪೌಡರ್ ಕೂಡ ಬೇರೆಯೇ. ಅದರಲ್ಲಿ ಸೋಡಾದ ಜೊತೆಗೆ ಒಣ ಹುಳಿ ಪುಡಿ ಮತ್ತು ಹಿಟ್ಟು ಬೆರೆತಿರುತ್ತದೆ. ಅದರ ಜಾಗದಲ್ಲಿ ಅಷ್ಟೇ ಅಳತೆಯ ಸೋಡಾ ಹಾಕಿದರೆ ಕೇಕ್ ಬಾಯಿಗಿಡಲು ಆಗುವುದಿಲ್ಲ. ಒಂದು ಚಮಚ ಬೇಕಿಂಗ್ ಪೌಡರ್ ಬದಲು ಸುಮಾರು ಕಾಲು ಚಮಚ ಸೋಡಾ ಮತ್ತು ಸ್ವಲ್ಪ ಹುಳಿ ಮೊಸರು ಸಾಕು.

ಬಜ್ಜಿಗೆ ಎಷ್ಟು?

ಹಿಟ್ಟಿಗೆ ಸೋಡಾ ಹಾಕಿ ಕಾದ ಎಣ್ಣೆಗೆ ಬಿಟ್ಟಾಗ ಅನಿಲ ಹೊರಬಂದು ಹಿಟ್ಟಿನೊಳಗೆ ಸಣ್ಣ ಸಣ್ಣ ಗುಳ್ಳೆ ಕಟ್ಟುತ್ತದೆ. ಬಜ್ಜಿ ಹಗುರಾಗುತ್ತದೆ. ಆದರೆ ಹಿಟ್ಟಿನಲ್ಲಿ ಹುಳಿ ಇಲ್ಲದಿದ್ದರೆ ಸೋಡಾ ಬರೀ ಶಾಖಕ್ಕೆ ಒಡೆಯುತ್ತದೆ. ಆಗ ಅನಿಲ ಅರ್ಧದಷ್ಟು ಮಾತ್ರ ಬರುತ್ತದೆ, ಉಳಿದದ್ದು ಏನಾಗುತ್ತದೆ ಗೊತ್ತೇ? ಸೋಡಿಯಂ ಕಾರ್ಬೋನೇಟ್, ಅಂದರೆ ಅದೇ ಬಟ್ಟೆ ಸೋಡಾ! ಸೋಡಾ ಜಾಸ್ತಿಯಾದ ಬಜ್ಜಿ ತಿಂದಾಗ ಸೋಪಿನ ರುಚಿ ಬರುವುದು ಇದರಿಂದಲೇ.

ಕಾಲು ಕೆಜಿ ಕಡಲೆಹಿಟ್ಟಿಗೆ ಕಾಲು ಟೀ ಚಮಚ ಸೋಡಾ ದಾಟಬೇಡಿ. ಅದಕ್ಕೆ ಒಂದು ಚಮಚ ಹುಳಿ ಮೊಸರು ಸೇರಿಸಿ. ಇದರಿಂದ ಕಡಿಮೆ ಸೋಡಾದಲ್ಲೇ ಹೆಚ್ಚು ಉಬ್ಬುತ್ತದೆ. ಸೋಡಾ ಕೊನೆಗೆ ಹಾಕಿ ಕೂಡಲೇ ಕರಿಯಿರಿ. ಕಲಸಿ ಇಟ್ಟು ಟಿ.ವಿ. ಮುಂದೆ ಕೂತರೆ ಅನಿಲವೆಲ್ಲ ಹಾರಿಹೋಗಿರುತ್ತದೆ. ಸೋಡಾ ಹೆಚ್ಚಾದಷ್ಟೂ ಬಜ್ಜಿ ಎಣ್ಣೆ ಕುಡಿಯುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ಮಜಾ ನೋಡಿ. ಅರಿಷಿಣ ಹಾಕಿದ ಹಿಟ್ಟಿನಲ್ಲಿ ಕೆಂಪು ಚುಕ್ಕೆ ಕಂಡರೆ ಅಲ್ಲಿ ಸೋಡಾ ಗಂಟು ಕಟ್ಟಿದೆ ಎಂದರ್ಥ. ಆರತಿಗೆ ಅರಿಷಿಣದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುತ್ತೇವಲ್ಲ, ಅದೇ ಗುಟ್ಟು ಇಲ್ಲಿಯದೂ. ಕ್ಷಾರ ತಾಗಿದರೆ ಅರಿಷಿಣ ಕೆಂಪಾಗುತ್ತದೆ.

ಬೋರಿನ ನೀರಿಗೆ ಬೇಳೆ ಬೇಯದಿದ್ದರೆ

ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಗರಿಬೇಳೆ, ಕಡಲೆಕಾಳು ಬೇಗ ಬೇಯುವುದಿಲ್ಲ. ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ. ಆದರೆ ಬೇಳೆಕಾಳಿನಲ್ಲಿರುವ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕ್ಷಾರದಲ್ಲಿ ಬೆಂದಾಗ ಹಾಳಾಗುತ್ತದೆ. ಸೊಪ್ಪು ಹಸಿರಾಗಿ ಕಾಣಲೆಂದು ಸೋಡಾ ಹಾಕಿದರೆ ಬಣ್ಣ ಉಳಿಯುತ್ತದೆ, ಸಿ ಜೀವಸತ್ವ ಹೋಗುತ್ತದೆ.

ಇದಕ್ಕೆ ಬದಲಾಗಿ ಕಾಳನ್ನು ರಾತ್ರಿಯೇ ನೆನೆಹಾಕಿ. ಕುಡಿಯಲು ಬರುವ ಹೊಳೆ ನೀರು ಇದ್ದರೆ ಬೇಳೆಗೆ ಅದನ್ನೇ ಬಳಸಿ. ಹುಣಸೆಹುಳಿ, ಟೊಮೆಟೊ ಮೊದಲೇ ಹಾಕಬೇಡಿ, ಹುಳಿಗೂ ಬೇಳೆ ಬಿಗಿಯಾಗುತ್ತದೆ. ಇಷ್ಟು ಮಾಡಿದರೆ ಸೋಡಾದ ಗೊಡವೆಯೇ ಬೇಡ.

ಬಿ.ಪಿ. ಇದ್ದವರ ಮನೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ದೊಡ್ಡವರು ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಎಲ್ಲ ಸೇರಿ 5 ಗ್ರಾಂ ಉಪ್ಪು. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 390 ಮಿಲಿಗ್ರಾಂ ಸೋಡಿಯಂ ಇದ್ದರೆ ಒಂದು ಗ್ರಾಂ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಇದೆ. ಹಾಗಾದರೆ ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,300 ಮಿಲಿಗ್ರಾಂ. ದಿನದ ಮಿತಿಯ ಅರ್ಧಕ್ಕೂ ಹೆಚ್ಚು!

ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದ ಮೇಲೆ ಮಾವನವರಿಗೋ ಅತ್ತೆಯವರಿಗೋ ಸಾರಿಗೆ ಉಪ್ಪು ಕಡಿಮೆ ಹಾಕ್ತೀವಿ. ಅವರೂ ಪಾಪ, ಸಪ್ಪೆ ಸಾರು ಉಣ್ಣುತ್ತಾರೆ. ಆದರೆ ಊಟದ ಜೊತೆ ಹಪ್ಪಳ, ಉಪ್ಪಿನಕಾಯಿ. ಹಪ್ಪಳಕ್ಕೆ ಹಾಕುವ ಪಾಪಡಖಾರವೂ ಸೋಡಿಯಂ ಬಳಗದ್ದೇ. ಸಂಜೆ ಸೋಡಾ ಹಾಕಿದ ಬಜ್ಜಿ. ಅದು ಹೊಟ್ಟೆ ಉಬ್ಬರಿಸಿತೆಂದು ರಾತ್ರಿ ನೊರೆ ಬರುವ ಫ್ರೂಟ್ ಸಾಲ್ಟ್ ಪೊಟ್ಟಣ. ಅದರಲ್ಲಿ ಇರುವುದೂ ಸೋಡಾ ಮತ್ತು ಹುಳಿ ಪುಡಿ. ಸಾರಿನಲ್ಲಿ ಉಳಿಸಿದ್ದನ್ನು ಹೀಗೆ ಬೇರೆ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡಂತಾಯಿತು. ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರ ಮನೆಯಲ್ಲಿ ಉಪ್ಪಿನ ಲೆಕ್ಕ ಹಾಕುವಾಗ ಸೋಡಾ, ಹಪ್ಪಳ, ಪೊಟ್ಟಣ ಎಲ್ಲವನ್ನೂ ಸೇರಿಸಿ.

ಎದೆಯುರಿಗೆ ಸೋಡಾ ಕುಡಿಯುವ ಮುನ್ನ

ಹೊಟ್ಟೆಯ ಆಮ್ಲವನ್ನು ಸೋಡಾ ಅಡಗಿಸುತ್ತದೆ, ಹಾಗಾಗಿ ಉರಿ ಶಮನವಾಗುತ್ತದೆ. ಆರೋಗ್ಯವಂತರು ಎಂದೋ ಒಮ್ಮೆ ಕುಡಿಯಬೇಕೆಂದರೆ ಅರ್ಧ ಟೀ ಚಮಚ ಸೋಡಾವನ್ನು ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗಿಸಿ ನಿಧಾನವಾಗಿ ಕುಡಿಯಬಹುದು. ಹೊಟ್ಟೆ ಬಿರಿಯೆ ಉಂಡ ಮೇಲೆ ಕೂಡಲೇ ಕುಡಿಯಬೇಡಿ, ಒಳಗೆ ಅನಿಲ ತುಂಬಿ ಅಪಾಯವಾಗಬಹುದು. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಎಳೆ ಕೂಸುಗಳಿಗೆ, ಸಣ್ಣ ಮಕ್ಕಳಿಗೆ ಕೊಡಲೇಬಾರದು. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡರ ನಡುವೆ ಎರಡು ತಾಸಾದರೂ ಅಂತರ ಬೇಕು. ವಾರದಲ್ಲಿ ಮೂರ್ನಾಲ್ಕು ಸಲ ಸೋಡಾ ಬೇಕಾಗುತ್ತಿದ್ದರೆ ಹೊಟ್ಟೆಯನ್ನು ಡಾಕ್ಟರಿಗೆ ತೋರಿಸಬೇಕಾದ ಸಮಯ ಬಂದಿದೆ.

ಗೆಳತಿಯರೇ, ಒಂದು ಮಾತು ದಯವಿಟ್ಟು ಮನಸ್ಸಿನಲ್ಲಿಡಿ. ಎದೆ ಒತ್ತಿದಂತಾಗಿ ನೋವು ಕೈಗೆ, ಬೆನ್ನಿಗೆ, ದವಡೆಗೆ ಹರಿದರೆ, ಬೆವರು, ಏದುಸಿರು ಬಂದರೆ “ಗ್ಯಾಸ್ ಆಗೇತಿ” ಅಂತ ಸೋಡಾ ಕದಡುತ್ತ ಕೂರಬೇಡಿ. ಹೃದಯಾಘಾತವೂ ಹೀಗೇ ಬರುತ್ತದೆ. ಹೆಂಗಸರಲ್ಲಂತೂ ಎದೆನೋವಿಗಿಂತ ವಾಕರಿಕೆ, ಸುಸ್ತು, ಉಸಿರಾಟದ ತೊಂದರೆಯೇ ಎದ್ದು ಕಾಣಬಹುದು. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ನಾವು ನಮ್ಮ ನೋವನ್ನೂ ಕೊನೆಗೇ ಇಡುತ್ತೇವೆ. ಅಂಥ ಹೊತ್ತಿನಲ್ಲಿ ತಡಮಾಡದೆ 108ಕ್ಕೆ ಫೋನ್ ಮಾಡಿ.

ತೊಳೆಯಲು, ಬೆಳಗಲು

* ಹಣ್ಣು ತರಕಾರಿಗೆ: ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಸೋಡಾ ಕರಗಿಸಿ 15 ನಿಮಿಷ ನೆನೆಸಿ, ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಸೇಬಿನ ಮೇಲೆ ಇಂಥದೇ ದ್ರಾವಣ ಪ್ರಯೋಗಿಸಿದಾಗ ಹೊರಮೈಯ ಎರಡು ಕೀಟನಾಶಕಗಳು ಹೋದವು. ಸಿಪ್ಪೆಯ ಒಳಗಿಳಿದದ್ದು ಮಾತ್ರ ಹೋಗಲಿಲ್ಲ.

* ಬೆಳ್ಳಿಗೆ: ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಮೇಲೆ ಕಾಲ್ಗೆಜ್ಜೆ, ದೀಪ ಇಟ್ಟು, ಸೋಡಾ ಹಾಕಿದ ಕುದಿನೀರು ಸುರಿಯಿರಿ. ಬೆಳ್ಳಿ ಹಾಳೆಗೆ ತಾಗಿರಬೇಕು. ಬೆಳ್ಳಿಯ ಮೇಲಿನ ಕಪ್ಪು ಬಿಡುತ್ತದೆ. ಹರಳು ಕೂರಿಸಿದ ಒಡವೆಗೆ ಬೇಡ.

* ಚಹಾ ಕಲೆಗೆ: ಕಪ್ಪಿನ ಒಳಗಿನ ಕಂದು ಕಲೆಗೆ ಒದ್ದೆ ಸೋಡಾ ಹಚ್ಚಿ ಉಜ್ಜಿ. ಫ್ರಿಜ್ಜಿನ ವಾಸನೆಗೆ ಬಟ್ಟಲಲ್ಲಿ ಒಣ ಸೋಡಾ ತೆರೆದಿಡಿ.

* ಅಲ್ಯೂಮಿನಿಯಂ ಪಾತ್ರೆಗೆ ಬೇಡ: ಕ್ಷಾರಕ್ಕೆ ಅದು ಕಪ್ಪಾಗುತ್ತದೆ.

* ತಾಮ್ರ, ಹಿತ್ತಾಳೆಗೆ: ಹುಣಸೆಹಣ್ಣು, ಉಪ್ಪೇ ಸರಿ. ಹುಣಸೆಗೆ ಸೋಡಾ ಬೆರೆಸಿದರೆ ನೊರೆ ಬರುತ್ತದೆ, ಕೆಲಸ ಆಗುವುದಿಲ್ಲ. ಎರಡೂ ಒಂದನ್ನೊಂದು ಅಡಗಿಸಿಬಿಡುತ್ತವೆ.

* ಗಡಸು ನೀರಿನ ಬಿಳಿ ಪದರಕ್ಕೆ: ಹಂಡೆ, ಗೀಸರ್, ನಲ್ಲಿಯ ಮೇಲೆ ಕಟ್ಟುವ ಬಿಳಿ ಪದರ ಕ್ಯಾಲ್ಸಿಯಂದು. ಅದಕ್ಕೆ ನಿಂಬೆಹುಳಿ, ವಿನೆಗರ್ ಬೇಕು. ಸೋಡಾದಿಂದ ಅದು ಕರಗದು.

* ಮುಖಕ್ಕೆ ಬೇಡ: ನಮ್ಮ ಚರ್ಮದ ಸಹಜ ಗುಣ ಸ್ವಲ್ಪ ಆಮ್ಲ. ಸೋಡಾ ತಿಕ್ಕಿದರೆ ಒಣಗಿ ಉರಿಯುತ್ತದೆ.

ಬ್ಯಾಡಗಿ ಕಡೆಯ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ದಿನವಿಡೀ ತೊಟ್ಟು ಬಿಡಿಸಿದರೆ ಕೈ ಉರಿಯದೆ ಇರುತ್ತದೆಯೇ? ಖಾರದ ಅಂಶ ಎಣ್ಣೆಯಲ್ಲಿ ಕರಗುವಂಥದ್ದು. ಹುಳಿಯನ್ನು ಅಡಗಿಸುವ ಸೋಡಾಕ್ಕೆ ಇಲ್ಲಿ ಕೆಲಸವಿಲ್ಲ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪಿನಿಂದ ತೊಳೆಯಿರಿ.

ಬಾಣಲೆಗೆ ಬೆಂಕಿ ಹತ್ತಿದರೆ

ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ಎಂದಿಗೂ ನೀರು ಹಾಕಬೇಡಿ. ನೀರು ಎಣ್ಣೆಯೊಳಗೆ ಸಿಡಿದು ಬೆಂಕಿ ಮೇಲೆದ್ದು ಬರುತ್ತದೆ. ಗ್ಯಾಸ್ ಬಂದ್ ಮಾಡಿ, ಬಾಣಲೆಗೆ ತಟ್ಟೆ ಮುಚ್ಚಿ. ಬೆಂಕಿ ಸಣ್ಣದಿದ್ದರೆ ಸ್ವಲ್ಪ ದೂರದಿಂದ ಧಾರಾಳವಾಗಿ ಸೋಡಾ ಉದುರಿಸಿ. ಬಿಸಿಗೆ ಹೊರಬರುವ ಅನಿಲ ಬೆಂಕಿಯನ್ನು ಅಡಗಿಸುತ್ತದೆ. ಬೆಂಕಿ ಆರಿಸುವ ಕೆಲವು ಸಿಲಿಂಡರುಗಳಲ್ಲೂ ಇದೇ ಪುಡಿ ತುಂಬಿರುತ್ತದೆ. ಅವಸರದಲ್ಲಿ ಕೈಗೆ ಸಿಕ್ಕ ಮೈದಾ, ಕಡಲೆಹಿಟ್ಟು ಎಸೆಯಬೇಡಿ, ಅವು ತಾವೇ ಹೊತ್ತಿಕೊಳ್ಳುತ್ತವೆ. ಬೆಂಕಿ ಕೈ ಮೀರಿದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆಯಿರಿ.

ಇವಿಷ್ಟು ನೆನಪಿರಲಿ

* ಸೋಡಾ ಚೆನ್ನಾಗಿದೆಯೇ ಎಂದು ನೋಡಲು ಅರ್ಧ ಚಮಚ ಪುಡಿಗೆ ನಿಂಬೆರಸ ಹಿಂಡಿ. ಬುಸ್ಸೆಂದು ಉಕ್ಕಿದರೆ ಸರಿ, ಸುಮ್ಮನಿದ್ದರೆ ಹಳತಾಗಿದೆ.

* ಗಾಳಿಯಾಡದ ಡಬ್ಬಿಯಲ್ಲಿ, ಒಣಗಿದ ಚಮಚ ಬಳಸಿ.

* ಡಬ್ಬಿ ಒಲೆಯ ಹತ್ತಿರ ಕೈಗೆ ಸಿಗುವಂತಿರಲಿ, ಒಲೆಯ ಮೇಲಿನ ಗೂಡಿನಲ್ಲಿ ಬೇಡ.

* ಬಟ್ಟೆ ಸೋಡಾ ಬಚ್ಚಲುಮನೆಯಲ್ಲಿರಲಿ, ಮಕ್ಕಳ ಕೈಗೆ ಎಟುಕದಂತೆ.

ಇವತ್ತೇ ಒಂದು ಚೀಟಿಯ ಮೇಲೆ ‘ತಿನ್ನುವ ಸೋಡಾ’ ಎಂದು ದೊಡ್ಡದಾಗಿ ಬರೆದು ಡಬ್ಬಿಗೆ ಅಂಟಿಸಿ. ಅದರ ಕೆಳಗೆ ‘ಇದೂ ಉಪ್ಪು’ ಎಂದು ಇನ್ನೊಂದು ಸಾಲು ಸೇರಿಸಿ. ಅಡುಗೆಮನೆಗೆ ನೀವಿಲ್ಲದಾಗ ಬಂದು ಒಲೆ ಹಚ್ಚುವವರಿಗೂ ಅದು ದಾರಿ ತೋರಿಸುತ್ತದೆ.