ಆರರ ತನಕ ಏರಿ ಇಳಿಯುವ ಸಂಖ್ಯೆ

ನಿಲಂಗಾದ ಅಡತಿ ಅಂಗಡಿಯಲ್ಲಿ ತೊಗರಿ ದರ ವಿಚಾರಿಸುತ್ತ ಕೂತಿದ್ದೆ. ಮನೆಯಲ್ಲಿ ಕನ್ನಡ, ಗಲ್ಲಾಪೆಟ್ಟಿಗೆಯ ಮುಂದೆ ಮರಾಠಿ ಆಡುವ ಹಿರಿಯ ಮುನೀಮರು ಕ್ಯಾಲ್ಕ್ಯುಲೇಟರ್ ನನ್ನತ್ತ ಸರಿಸಿದರು. "ಎರಡು ಕೋಟಿ ಎಪ್ಪತ್ತೊಂಬತ್ತು ಲಕ್ಷ ತೊಂಬತ್ತನಾಲ್ಕು ಸಾವಿರದ ಆರುನೂರಾ ಎಂಬತ್ತೊಂದು ಹೊಡೀರಿ. ನಾನೂರಾ ನಲವತ್ತೊಂದರಿಂದ ಗುಣಿಸ್ರಿ." ಪರದೆಯ ಮೇಲೆ 12345654321 ಮೂಡಿತು. "ಇದು ನಮ್ಮ ಮಳಖೇಡದ ಲೆಕ್ಕರೀ!"

'ನಮ್ಮ' ಎಂದದ್ದು ಅತಿಯಲ್ಲ. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು 850ರ ಸುಮಾರಿಗೆ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಈ ಗುಣಾಕಾರವಿದೆ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡವರು. ಆ ಲಟ್ಟಲೂರೇ ಇಂದಿನ ಲಾತೂರು. ನಿಲಂಗಾ ಅದರ ತಾಲ್ಲೂಕು.

ನನಗೆ ಬಿಡದೆ ಕಾಡಿದ್ದು 441. ಯಾಕೆ ಅದೇ? ಮುನೀಮರು ಹಳೆಯ ಪಟ್ಟಿಯೊಂದರ ಬೆನ್ನಿಗೆ ಬರೆದು ತೋರಿಸಿದರು: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗವೇ, ವೇಷ ಮರೆಸಿಕೊಂಡಿದೆ ಅಷ್ಟೆ. ಆರು ಸಾಲು ಒಂದುಗಳನ್ನು ಒಂದೊಂದು ಮನೆ ಸರಿಸಿ ಬರೆದು ಕೂಡಿದರೆ ಕಂಬಗಳ ಮೊತ್ತ ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುತ್ತದೆ. ದಶಕ ಎಲ್ಲೂ ಬರುವುದಿಲ್ಲ.

ಇನ್ನೂ ಅಗೆದೆ. 111111 ಎಂಬುದು 3, 7, 11, 13, 37ರ ಗುಣಲಬ್ಧ. ಅದರ ವರ್ಗಕ್ಕೆ ಭಾಜಕಗಳು 243. ಹಾಗಾಗಿ ಎರಡು ಸಂಖ್ಯೆಗಳ ಗುಣಲಬ್ಧವಾಗಿ ಅದನ್ನು 122 ಬಗೆಯಲ್ಲಿ ಬರೆಯಬಹುದು. ಎರಡೂ ವರ್ಗಸಂಖ್ಯೆಗಳೇ ಆಗಿರುವ ಜೋಡಿಗಳು ಬರೀ 16. ಆಚಾರ್ಯರು ಆರಿಸಿದ್ದು ಆ ಹದಿನಾರರಲ್ಲೊಂದು. ಗುಟ್ಟು ಗೊತ್ತಿದ್ದೇ ಶಿಷ್ಯರನ್ನು ಸತಾಯಿಸಲು ಹೀಗೆ ಮಾಡಿದರೆಂದು ನನ್ನ ಗುಮಾನಿ. ಕಾಕತಾಳೀಯ ಎನ್ನುವವರಿಗೂ ಸುಮಾರು ಎಂಟರಲ್ಲೊಂದು ಪಾಲು ಅವಕಾಶ ಇದ್ದೇ ಇದೆ.

ಇಂಥವು ಆಚಾರ್ಯರಲ್ಲಿ ಇನ್ನೂ ಇವೆ. 12345679 ಇಂಟು 9 ಎಂದರೆ ಒಂಬತ್ತು ಒಂದುಗಳು. 142857143 ಇಂಟು 7 ಎಂದರೆ 1000000001. ಇವನ್ನು ಅವರು ಕೊರಳ ಕಂಠಿಕೆಗಳೆಂದು ಕರೆದರು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದರು. ವಾಟ್ಸ್ಆ್ಯಪ್‌ನಲ್ಲಿ ಇಂಥ ಚಮತ್ಕಾರಗಳನ್ನೆಲ್ಲ ವೇದದ ತಲೆಗೆ ಕಟ್ಟುವವರು ಆ ಪುಸ್ತಕ ಒಮ್ಮೆ ತೆರೆಯಲಿ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂಬ ಮಹಾವೀರಾಚಾರ್ಯರ ತಪ್ಪೂ ಅಲ್ಲೇ ಸಿಗುತ್ತದೆ. ಅದರಿಂದ ಅವರ ಮೇಲಿನ ನನ್ನ ಅಭಿಮಾನವೇನೂ ತಗ್ಗಿಲ್ಲ.

ಒಂದುಗಳ ವರ್ಗದಲ್ಲಿ ಕಾಣುವ ಈ ಏರಿಳಿತ ಒಂಬತ್ತು ಒಂದುಗಳವರೆಗೆ ಮಾತ್ರ. ಹತ್ತಕ್ಕೆ ದಶಕ ನುಗ್ಗಿ 1234567900987654321 ಆಗಿ, ಏರುವ ಬದಿಯಲ್ಲಿ ಎಂಟು ಕಾಣೆಯಾಗುತ್ತದೆ. ಮೊಬೈಲ್ ಕೊನೆಯ ಅಂಕಿಗಳನ್ನು ನುಂಗಬಹುದು. ಕಾಗದದ ಮೇಲೆ ಕೈಯಾರೆ ಮಾಡಿ ನೋಡಿ.