ನಾಣ್ಯ ಓದಲು ಒಂದು ಕಪಾಟು

1891ರಲ್ಲಿ ಯಶವಂತಪುರದ ಬಳಿ ರೈಲು ಹಾದಿಗೆಂದು ಮಣ್ಣು ಅಗೆಯುತ್ತಿದ್ದವರಿಗೆ ಒಂದು ಮಡಕೆ ಸಿಕ್ಕಿತು. ಒಳಗೆ 163 ಬೆಳ್ಳಿ ನಾಣ್ಯಗಳಿದ್ದವು, ರೋಮ್ ಸಾಮ್ರಾಜ್ಯದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಇಂಥದೇ ಇನ್ನೊಂದು ರಾಶಿ ಹೊರಬಿತ್ತು. ಅದರಲ್ಲಿ 256 ನಾಣ್ಯಗಳು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ದೊರೆಗಳ ಕಾಲದ ಬೆಳ್ಳಿ ನಮ್ಮ ಕೆಮ್ಮಣ್ಣಿನಲ್ಲಿ ಸುಮಾರು ಎರಡು ಸಾವಿರ ವರ್ಷ ಹುದುಗಿತ್ತು. ಇವತ್ತು ಒಂದು ಜಾಗದ ಪಕ್ಕದಲ್ಲಿ ಪೀಣ್ಯದ ಕಾರ್ಖಾನೆಗಳು, ಇನ್ನೊಂದರ ಪಕ್ಕದಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವ ವಾಹನಗಳ ಸಾಲು. ಅಲ್ಲಿ ನಿಂತು ನೋಡಿದರೆ ಏನೂ ತಿಳಿಯದು. ನಮಗೆ ಈ ವಿಷಯ ಗೊತ್ತಿರುವುದು, ಯಾರೋ ಕೂತು ಆ ನಾಣ್ಯಗಳನ್ನು ಎಣಿಸಿ, ಯಾವ ದೊರೆಯದು ಎಂದು ಗುರುತಿಸಿ, ಅಚ್ಚು ಹಾಕಿಸಿ ಪುಸ್ತಕ ಮಾಡಿದ್ದರಿಂದ. 1989ರಲ್ಲಿ ಲಂಡನ್ನಿನ ರಾಯಲ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ಪ್ರಕಟಿಸಿದ ಪೌಲಾ ಟರ್ನರ್ ಅವರ ‘ರೋಮನ್ ಕಾಯಿನ್ಸ್ ಫ್ರಮ್ ಇಂಡಿಯಾ’ ಅಂಥ ಶ್ರಮದ ಫಲ.

ನಾಣ್ಯ ಸಂಗ್ರಹ ಎಂದರೆ ಜನಕ್ಕೆ ಆಲ್ಬಮ್ಮು, ಪ್ಲಾಸ್ಟಿಕ್ ಪೌಚು, ಚಿಕ್ಕಪೇಟೆಯ ವ್ಯಾಪಾರಿ ನೆನಪಾಗುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು ಕಸುಬಿದೆ: ನಾಣ್ಯದ ಪುಸ್ತಕಗಳನ್ನು ಕೂಡಿಸುವುದು. ಅಮೆರಿಕದಲ್ಲಿ 1979ರಿಂದ ಇದಕ್ಕೆಂದೇ ಒಂದು ಸಂಘವಿದೆ. ನಾಣ್ಯ ಕೊಳ್ಳುವ ಮೊದಲು ಪುಸ್ತಕ ಕೊಳ್ಳಿ ಎಂದು ಅಲ್ಲಿನ ನಾಣ್ಯ ವ್ಯಾಪಾರಿ ಆರನ್ ಫೆಲ್ಡ್‌ಮನ್ 1960ರ ದಶಕದಲ್ಲೇ ಗಿರಾಕಿಗಳಿಗೆ ಹೇಳುತ್ತಿದ್ದರು. ನಾಣ್ಯ ಮಾರಿ ಬದುಕುವವರೇ ಈ ಮಾತು ಹೇಳಿದ್ದರಿಂದ ಅದಕ್ಕೆ ತೂಕ ಹೆಚ್ಚು.

ಈ ಕಸುಬಿಗೆ ಆನೇಕಲ್ ಒಳ್ಳೆಯ ಊರು. ತಮಿಳುನಾಡಿನ ಗಡಿಯ ಅತ್ತಿಬೆಲೆ, ಬನ್ನೇರುಘಟ್ಟದ ಕಾಡಂಚು, ಸರ್ಜಾಪುರ, ಜಿಗಣಿಯ ಕೈಗಾರಿಕಾ ಪ್ರದೇಶ ಎಲ್ಲವೂ ಈ ತಾಲ್ಲೂಕಿನವೇ. ಇಲ್ಲಿನ ಹಳೆಯ ಮನೆಗಳ ದೇವರ ಗೂಡಿನಲ್ಲಿ, ಕಳಶದ ಚೊಂಬಿನಲ್ಲಿ, ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಇವತ್ತಿಗೂ ನಾಲ್ಕಾರು ತಾಮ್ರದ ಕಾಸುಗಳು ಸಿಗುತ್ತವೆ. ಹೊಲಗಳು ಲೇಔಟ್ ಆಗುತ್ತಿರುವ ಈ ಕಾಲದಲ್ಲಿ ಜೆಸಿಬಿ ಎತ್ತುವ ಮಣ್ಣಿನಲ್ಲೂ ಏನಿದ್ದೀತೋ ಹೇಳಲಾಗದು. ನೆಲದಡಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಅಂಥದ್ದು ಸಿಕ್ಕರೆ ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ಹೇಳಬೇಕು, ಮುಚ್ಚಿಡಬಾರದು. ಮನೆಯ ಡಬ್ಬಿಯಲ್ಲಿರುವುದನ್ನು ಓದುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ. ಅದಕ್ಕೆ ಬೇಕಾದದ್ದು ಪುಸ್ತಕ.

ಆ ಡಬ್ಬಿಯಿಂದ ಟಿಪ್ಪುವಿನ ಒಂದು ಆನೆ ದುಡ್ಡನ್ನೇ ಎತ್ತಿಕೊಳ್ಳೋಣ. ಒಂದು ಮಗ್ಗುಲಲ್ಲಿ ಆನೆ. ಇನ್ನೊಂದು ಮಗ್ಗುಲಲ್ಲಿ ಪರ್ಷಿಯನ್ ಅಕ್ಷರ, ಟಂಕಸಾಲೆಯ ಹೆಸರು. ಅಂಕಿಗಳ ಮೇಲೆ ಭೂತಗನ್ನಡಿ ಹಿಡಿದು ಎಡದಿಂದ ಬಲಕ್ಕೆ ಓದಿದರೆ 8121 ಎಂದು ಬರುತ್ತದೆ. ಅಂಥ ವರ್ಷವೇ ಇಲ್ಲ. ಬಲದಿಂದ ಎಡಕ್ಕೆ ಓದಿದರೆ 1218. ಇದನ್ನು ಹಿಜರಿ ಎಂದುಕೊಂಡು ಲೆಕ್ಕ ಹಾಕಿದರೆ ಕ್ರಿಸ್ತಶಕ 1803 ಬರುತ್ತದೆ. ಆದರೆ ಟಿಪ್ಪು 1799ರಲ್ಲೇ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದಿದ್ದ. ಪುಸ್ತಕವಿಲ್ಲದವನು ಇಲ್ಲಿಗೆ ಬಂದು ನಿಲ್ಲುತ್ತಾನೆ. ಖೋಟಾ ಎಂದು ಎಸೆದುಬಿಡುವುದೂ ಉಂಟು. ಜೆ.ಆರ್. ಹೆಂಡರ್ಸನ್ ಅವರ ‘ದಿ ಕಾಯಿನ್ಸ್ ಆಫ್ ಹೈದರ್ ಅಲಿ ಅಂಡ್ ಟಿಪ್ಪು ಸುಲ್ತಾನ್’ ತೆರೆದರೆ ಗಂಟು ಬಿಚ್ಚುತ್ತದೆ. 1787ರಿಂದ ಟಿಪ್ಪು ಹಿಜರಿಯನ್ನು ಬಿಟ್ಟು, ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆ ಲೆಕ್ಕದಲ್ಲಿ 1218 ಎಂದರೆ 1790ರ ಸುಮಾರು. ತಾಮ್ರದ ನಾಣ್ಯಗಳಿಗೆ ಆತ ಹೆಸರುಗಳನ್ನೂ ಇಟ್ಟ. ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅದರರ್ಧ ಕುತುಬ್, ಧ್ರುವ. ಇವುಗಳ ಮೇಲಿನ ಎರಡು ಪೈಸೆಯ ದಪ್ಪ ನಾಣ್ಯ ಉಸ್ಮಾನಿ. ಒಂದು ಡಬ್ಬಿಯ ಕಾಸುಗಳಲ್ಲಿ ಆಕಾಶದ ಗ್ರಹತಾರೆಗಳಿವೆ ಎಂದು ತಿಳಿದ ಮೇಲೆ ಅವನ್ನು ಹಳೇ ತಾಮ್ರ ಎಂದು ತೂಕಕ್ಕೆ ಹಾಕಲು ಯಾರಿಗೂ ಮನಸ್ಸಾಗದು.

ಹೆಂಡರ್ಸನ್ ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥರಾಗಿದ್ದವರು. 1921ರಲ್ಲಿ ಮದ್ರಾಸಿನ ಸರ್ಕಾರಿ ಮುದ್ರಣಾಲಯದಿಂದ ಬಂದ ಈ ಪುಸ್ತಕಕ್ಕೆ ನೂರು ವರ್ಷ ದಾಟಿದೆ. ಟಿಪ್ಪುವಿನ ನಾಣ್ಯದ ಮಾತು ಬಂದರೆ ಈಗಲೂ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆನೇಕಲ್ಲಿನ ಸಂಗ್ರಾಹಕರು ಮೊದಲು ಕೊಳ್ಳಬೇಕಾದ ಪುಸ್ತಕ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಜಗತ್ತಿನ ನಾಣ್ಯಗಳನ್ನೆಲ್ಲ ಒಳಗೊಂಡ ದಪ್ಪ ಕ್ಯಾಟಲಾಗಿನಿಂದ ಶುರು ಮಾಡುವವರು ಹಲವರು. ಕ್ರೌಸ್ ಮತ್ತು ಮಿಶ್ಲರ್ 1972ರಲ್ಲಿ ಆರಂಭಿಸಿದ ‘ಸ್ಟ್ಯಾಂಡರ್ಡ್ ಕ್ಯಾಟಲಾಗ್ ಆಫ್ ವರ್ಲ್ಡ್ ಕಾಯಿನ್ಸ್’ ಅಂಥದ್ದು, ಟೆಲಿಫೋನ್ ಡೈರೆಕ್ಟರಿಯಷ್ಟು ಗಾತ್ರದ್ದು. ಬೆಲೆ ಅಂದಾಜು ಮಾಡಲು ಅದು ಸಾಕು. ಕೈಯಲ್ಲಿರುವ ನಾಣ್ಯ ಏಕೆ ಹೀಗಿದೆ ಎಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ. ಭಾರತದ ಮಟ್ಟಿಗೆ 1981ರಲ್ಲಿ ಬಂದ, 1556ರಿಂದೀಚಿನ ದಕ್ಷಿಣ ಏಷ್ಯಾದ ನಾಣ್ಯ-ನೋಟುಗಳ ಕೈಪಿಡಿ ಎಷ್ಟೋ ಮೇಲು, ಸಿಕ್ಕರೆ ಬಿಡಬಾರದು.

ನಮ್ಮೂರ ಕಾಸುಗಳಲ್ಲಿ ಟಿಪ್ಪುವಿನದರ ನಂತರ ಹೆಚ್ಚು ಕಾಣುವುದು ಮುಮ್ಮಡಿ ಕೃಷ್ಣರಾಜ ಒಡೆಯರವು. ಅವರ ಇಪ್ಪತ್ತು ಕಾಸಿನ ತಾಮ್ರದ ನಾಣ್ಯದ ಮೇಲೆ ಮೂರು ಲಿಪಿಗಳಿವೆ. ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹ, ಪರ್ಷಿಯನ್ನಿನಲ್ಲಿ ಮೈಸೂರಿನ ಹೆಸರು, ರೋಮನ್ ಅಂಕಿಯ ಜೊತೆಗೆ ಇಂಗ್ಲಿಷಿನ ಕ್ಯಾಶ್. ಮೊದಮೊದಲು ಆನೆ, ಆಮೇಲೆ ಸಿಂಹ. ಮೇಲೆ ಚಾಮುಂಡಿಯ ಹೆಸರು. ಇವನ್ನು ಅಚ್ಚು ಹಾಕುತ್ತಿದ್ದ ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು. ಅದು ನಡೆಯುತ್ತಿದ್ದ ದಿನಗಳನ್ನು ಕಂಡವರು ಇನ್ನೂ ಬದುಕಿರುವಾಗಲೇ, 1856ರಲ್ಲಿ, ಕ್ಯಾಪ್ಟನ್ ಹಾಕ್ಸ್ ಮೈಸೂರಿನ ಚಿನ್ನ, ಬೆಳ್ಳಿ, ತಾಮ್ರದ ನಾಣ್ಯಗಳ ಬಗ್ಗೆ ಬೆಂಗಳೂರಿನಲ್ಲೇ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದರು. ಅದರ ಮೂಲಪ್ರತಿ ಸಿಗುವುದು ಅಪರೂಪದಲ್ಲಿ ಅಪರೂಪ.

ಹಿಂದಕ್ಕೆ ಹೋದಷ್ಟೂ ಪುಸ್ತಕಗಳೊಳಗೆ ಜಗಳ ಶುರುವಾಗುತ್ತದೆ. ಕಪಾಟಿಗೆ ಜೀವ ಬರುವುದೂ ಅಲ್ಲಿಂದಲೇ. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದು ಶಾಸನಗಳನ್ನು ಕೂಡಿಸಿದ ವಾಲ್ಟರ್ ಎಲಿಯಟ್, ಕಣ್ಣು ಬಹುಪಾಲು ಕಾಣದಾಗಿದ್ದ ಮುಪ್ಪಿನಲ್ಲಿ ‘ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ’ ಬರೆದು ಮುಗಿಸಿದರು. 1886ರಲ್ಲಿ ಅದು ಬಂತು, ಮರುವರ್ಷ ಅವರು ತೀರಿಕೊಂಡರು. ಒಂದು ಕಡೆ ಆನೆ, ಇನ್ನೊಂದು ಕಡೆ ಬಳ್ಳಿಯ ಸುರುಳಿ ಇರುವ ಚಿನ್ನದ ನಾಣ್ಯಕ್ಕೆ ಗಜಪತಿ ವರಾಹ ಎಂದು ಹೆಸರು. ಅದು ಒಡಿಶಾದ ಗಜಪತಿಗಳದೋ, ತಲಕಾಡಿನ ಗಂಗರದೋ ಎಂದು ಪುಸ್ತಕದಿಂದ ಪುಸ್ತಕಕ್ಕೆ ಅಭಿಪ್ರಾಯ ಬದಲಾಗುತ್ತದೆ. ಈ ಚರ್ಚೆಗೆ ಒಂದು ಸಾಕ್ಷಿ ಬರುವುದು ನಾಣ್ಯದ ಪುಸ್ತಕದಿಂದಲ್ಲ, ಕಾಶ್ಮೀರದ ಇತಿಹಾಸದಿಂದ. 11ನೇ ಶತಮಾನದ ಕೊನೆಯಲ್ಲಿ ಆಳಿದ ಕಾಶ್ಮೀರದ ದೊರೆ ಹರ್ಷನಿಗೆ ದಕ್ಷಿಣದ ಶೋಕಿ ಹಿಡಿಸಿತ್ತು, ಕರ್ಣಾಟ ದೇಶದ ನಾಣ್ಯವನ್ನು ನೋಡಿ ಅದರಂತೆಯೇ ಟಂಕಿಸಿದ ಎಂದು ಕಲ್ಹಣ ‘ರಾಜತರಂಗಿಣಿ’ಯಲ್ಲಿ ಬರೆದಿದ್ದಾನೆ. ಆ ಹರ್ಷನ ನಾಣ್ಯ ಸಿಕ್ಕಿದೆ. ಅದರ ಮೇಲೂ ಆನೆಯಿದೆ. ನಮ್ಮ ನಾಡಿನ ವರಾಹ ಹಿಮಾಲಯದವರೆಗೆ ಹೋಗಿ ಅಲ್ಲಿ ಅಚ್ಚಾಗಿ ನಿಂತಿದ್ದನ್ನು ಓದಿದಾಗ ಆಗುವ ಸಂತೋಷ, ಆ ವರಾಹವನ್ನೇ ಕೊಂಡರೂ ಆಗುತ್ತದೆಂದು ನನಗೆ ಅನ್ನಿಸುವುದಿಲ್ಲ. ನಾಣ್ಯದ ಕಪಾಟಿನಲ್ಲಿ ಇತಿಹಾಸಕ್ಕೂ ಕಾವ್ಯಕ್ಕೂ ಜಾಗವಿರಬೇಕೆನ್ನುವುದು ಇದಕ್ಕೇ.

ಹೊಯ್ಸಳರ ಮಟ್ಟಿಗೆ ಇಷ್ಟು ತಕರಾರಿಲ್ಲ. ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲೇ ಕೆತ್ತಿಸಿದ; ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ಹೀಗೆ ಕೈಯಿಂದ ಕೈಗೆ ಸಾಗಿಸಿದ. ಕನ್ನಡ ಓದಬಲ್ಲವರಿಗೆ ಇದೊಂದು ಅನುಕೂಲ. ಹಳಗನ್ನಡ ಲಿಪಿಯ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡರೆ ಎಂಟುನೂರು ಒಂಬೈನೂರು ವರ್ಷದ ಅಕ್ಷರಗಳನ್ನು ನಾವೇ ಕೂಡಿಸಿ ಓದಬಹುದು.

ಇಡೀ ಕರ್ನಾಟಕವನ್ನು ಒಟ್ಟಿಗೆ ತೋರಿಸುವ ಪುಸ್ತಕ ಬೇಕೆಂದರೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಎ.ವಿ. ನರಸಿಂಹಮೂರ್ತಿಯವರ ‘ದಿ ಕಾಯಿನ್ಸ್ ಆಫ್ ಕರ್ನಾಟಕ’ ಇದೆ, 1975ರದು. ನಾಣ್ಯ ಮತ್ತು ಶಾಸನ ಎರಡನ್ನೂ ಬಲ್ಲವರ ಬರಹ ಅದು. ವಿಜಯನಗರಕ್ಕೆ ಬೆಂಗಳೂರಿನ ಕೆ. ಗಣೇಶ್ ಮತ್ತು ಎಂ. ಗಿರಿಜಾಪತಿಯವರು 1997ರಲ್ಲಿ ತಂದ ಪುಸ್ತಕವಿದೆ. ಸಂಗ್ರಾಹಕರೇ ಬರೆದದ್ದಾದ್ದರಿಂದ ಕೈಗೆ ಸಿಗುವ ಸಣ್ಣಪುಟ್ಟ ಕಾಸುಗಳಿಗೆ ಅದರಲ್ಲಿ ಒಳ್ಳೆಯ ಜಾಗ ಸಿಕ್ಕಿದೆ. ಮೈಕೇಲ್ ಮಿಚಿನರ್ ಅವರ 1998ರ ಕರ್ನಾಟಕ-ಆಂಧ್ರ ಸಂಪುಟ ದುಬಾರಿ. ಅದನ್ನು ಇಬ್ಬರು ಮೂವರು ಸೇರಿ ಕೊಂಡು ಹಂಚಿಕೊಳ್ಳುವುದು ಜಾಣತನ. ‘ಸ್ಟಡೀಸ್ ಇನ್ ಸೌತ್ ಇಂಡಿಯನ್ ಕಾಯಿನ್ಸ್’ ಎಂಬ ವಾರ್ಷಿಕ ಸಂಚಿಕೆ 1991ರಿಂದ ಬರುತ್ತಿದ್ದು, ಹೊಸದಾಗಿ ಸಿಕ್ಕ ನಾಣ್ಯಗಳ ಸುದ್ದಿ ಪುಸ್ತಕಗಳಿಗಿಂತ ಮೊದಲು ಅದರಲ್ಲಿ ಕಾಣಿಸುತ್ತದೆ. ಹರಾಜಿನವರ ಬಣ್ಣದ ಕ್ಯಾಟಲಾಗುಗಳನ್ನೂ ರದ್ದಿಗೆ ಹಾಕಬೇಡಿ. ಅದರಲ್ಲಿನ ತೂಕ ಮತ್ತು ಫೋಟೊ ಮುಂದೆ ಖೋಟಾ ಪತ್ತೆಗೆ ಬರುತ್ತವೆ. ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುತ್ತದೆ. ಎರಕ ಹೊಯ್ದ ನಕಲಿಯನ್ನು ಆಭರಣದಂಗಡಿಯ ತಕ್ಕಡಿ ಮತ್ತು ಒಂದು ಒಳ್ಳೆಯ ಚಿತ್ರಪುಟ ಸೇರಿ ಎಷ್ಟೋ ಸಲ ಹಿಡಿದುಕೊಡುತ್ತವೆ.

ಪುಸ್ತಕ ಹುಡುಕುವುದು ಎಲ್ಲಿ? ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು, 1945ರಲ್ಲಿ ಶುರುವಾಗಿ ಈಗ ಬ್ರಿಗೇಡ್ ರಸ್ತೆಯ ಒಳ ಓಣಿಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್, ನಾಣ್ಯ ಮೇಳಗಳ ಮೂಲೆಯ ಮೇಜುಗಳು. ಹಳೆಯ ಗ್ರಂಥಗಳ ಮರುಮುದ್ರಣ ಕೊಳ್ಳುವಾಗ ಕೊನೆಯ ಪುಟಗಳನ್ನು ಮೊದಲು ತಿರುವಿ ನೋಡಬೇಕು. ಬರಹ ಚೆನ್ನಾಗಿ ಅಚ್ಚಾಗಿ ಚಿತ್ರಪುಟಗಳು ಮಸಿ ಮೆತ್ತಿದಂತಿದ್ದರೆ ಆ ಪ್ರತಿ ನಮ್ಮ ಕೆಲಸಕ್ಕೆ ಬಾರದು. ಕೊಳ್ಳಲಾಗದ್ದನ್ನು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಹೋಗಿ ಓದಬಹುದು. 1909ರಲ್ಲಿ ಹುಟ್ಟಿದ ಸಂಸ್ಥೆ, ಅದರ ತ್ರೈಮಾಸಿಕದ ಹಳೆಯ ಸಂಪುಟಗಳೇ ಒಂದು ಗಣಿ. ಹಯವದನರಾಯರ ಮೈಸೂರು ಗೆಜೆಟಿಯರಿನ ಎರಡನೇ ಸಂಪುಟದಲ್ಲಿ ನಾಣ್ಯಶಾಸ್ತ್ರಕ್ಕೆ ಬೇರೆ ಅಧ್ಯಾಯವೇ ಇದೆ. ಮನೆಯಲ್ಲಿ ಇಡುವಾಗ ಮಳೆಗಾಲದ ಬಗ್ಗೆ ಎಚ್ಚರ ಬೇಕು. ನುಣುಪು ಕಾಗದದ ಚಿತ್ರಪುಟಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ಆಗಾಗ ಗಾಳಿಗೆ ಹರಡಬೇಕು. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಲೂಬಾರದು. ಕಿಲುಬಿನ ಜೊತೆಗೆ ಅಕ್ಷರವೂ ಸವೆಯುತ್ತದೆ, ಆಮೇಲೆ ಯಾವ ಪುಸ್ತಕವೂ ಅದನ್ನು ಓದಿಕೊಡಲಾರದು.

ಇಷ್ಟೆಲ್ಲದರ ನಡುವೆ ಆನೇಕಲ್ಲಿನವರ ಕಪಾಟಿನಲ್ಲಿ ಇರಲೇಬೇಕಾದ ಇನ್ನೊಂದು ಪುಸ್ತಕವನ್ನು ನಾಣ್ಯದ ಅಂಗಡಿಯವರು ಯಾರೂ ಹೇಳುವುದಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟ, 1905ರದು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ, ಆನೇಕಲ್ ತಾಲ್ಲೂಕಿನದು ಅದರಲ್ಲೇ ಒಂದು ಭಾಗ. ಗದ್ಯಾಣ, ಹೊನ್ನು, ಪಣ, ಹಾಗ ಎಂಬ ಮಾತುಗಳು ನಮ್ಮ ನಾಡಿನ ಶಾಸನಗಳಲ್ಲಿ ದಾನದ ಲೆಕ್ಕವಾಗಿ, ತೆರಿಗೆಯಾಗಿ, ದಂಡವಾಗಿ ಬರುತ್ತವೆ. ಹಾಗ ಎಂದರೆ ಪಣದ ಕಾಲು ಭಾಗ. ಅಂಗೈಯಲ್ಲಿ ಕಡಲೆಬೇಳೆಯಷ್ಟು ಚಿಕ್ಕದಾದ ಚಿನ್ನದ ಹಣವನ್ನು ನೋಡಿ ಇದರಿಂದ ಏನು ಕೊಳ್ಳುತ್ತಿದ್ದರು ಎಂದು ಕೇಳುವವರಿಗೆ ಉತ್ತರ ಇರುವುದು ಆ ಕಲ್ಲುಗಳಲ್ಲಿ. ನಾಣ್ಯ ಎಲ್ಲಿ ಸಿಕ್ಕಿತು ಎಂಬ ದಾಖಲೆಗೂ ಅಷ್ಟೇ ಬೆಲೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದಾಗ ಸಿಕ್ಕ ಟೈಬೀರಿಯಸನ ಒಂದೇ ಒಂದು ಬೆಳ್ಳಿ ನಾಣ್ಯ ಅಲ್ಲಿನ ಮಣ್ಣಿನ ಪದರಗಳ ಕಾಲ ಹೇಳಲು ನೆರವಾಯಿತು. ಅದು ಸಿಕ್ಕ ಜಾಗ, ಆಳ ಎರಡನ್ನೂ ಬರೆದಿಟ್ಟಿದ್ದರು, ಅದಕ್ಕೆ. ಸಂಗ್ರಾಹಕರೂ ತಮ್ಮ ಪ್ರತಿ ನಾಣ್ಯಕ್ಕೆ ಒಂದು ಚೀಟಿ ಬರೆಯಬೇಕು: ಯಾರ ಮನೆಯದು, ಯಾವ ಹಳ್ಳಿಯದು, ಯಾವಾಗ ಬಂತು. ಆ ಚೀಟಿಗಳ ಪುಸ್ತಕವೂ ಕಪಾಟಿಗೆ ಸೇರಬೇಕು.

ಒಂದು ಕೊರಗು ಉಳಿದಿದೆ. ಮೇಲೆ ಹೇಳಿದ ಪುಸ್ತಕಗಳಲ್ಲಿ ಬಹುತೇಕ ಎಲ್ಲವೂ ಇಂಗ್ಲಿಷಿನವು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದಲ್ಲಿ ನಾಣ್ಯಶಾಸ್ತ್ರದ ಲೇಖನ ಇದೆ, ಒಳ್ಳೆಯದೂ ಹೌದು. ಆದರೆ ಹೈಸ್ಕೂಲಿನ ಹುಡುಗಿಯೊಬ್ಬಳು ಅಜ್ಜಿಯ ಡಬ್ಬಿಯ ಕಾಸನ್ನು ಪಕ್ಕದಲ್ಲಿಟ್ಟುಕೊಂಡು ಚಿತ್ರಕ್ಕೆ ಹೋಲಿಸಿ ಗುರುತಿಸುವಂಥ, ಮೈಸೂರಿನ ತಾಮ್ರದ ನಾಣ್ಯಗಳ ಕನ್ನಡ ಕೈಪಿಡಿ ಎಲ್ಲ ಅಂಗಡಿಗಳಲ್ಲೂ ಸಿಗುವಂತಾಗಬೇಕು. ಅಲ್ಲಿಯವರೆಗೆ ಆನೇಕಲ್ಲಿನ ಸಾರ್ವಜನಿಕ ಗ್ರಂಥಾಲಯ ಒಂದು ಕೆಲಸ ಮಾಡಬಹುದು: ಹೆಂಡರ್ಸನ್, ನರಸಿಂಹಮೂರ್ತಿ, ರೈಸ್ ಅವರ ಒಂಬತ್ತನೇ ಸಂಪುಟ, ಈ ಮೂರನ್ನು ತರಿಸಿ ಒಂದು ಅರೆಯಲ್ಲಿ ಇಡಿಸಿ, ಪಕ್ಕದಲ್ಲಿ ಒಂದು ಭೂತಗನ್ನಡಿಯನ್ನೂ ಇಟ್ಟರೆ ಸಾಕು. ಕಾಸುಗಳನ್ನು ತಾಲ್ಲೂಕಿನ ಜನ ಮನೆಯಿಂದಲೇ ತರುತ್ತಾರೆ.